ಎಂಟನೇ ಮೈಲಿಯ ಆಚೆ: ಡೆಟ್ರಾಯ್ಟಿನ ಮಾಲ್‌ಗಳ ಚರಿತ್ರೆಯನ್ನು ಎಲ್ಲಿ ಹುಡುಕಬೇಕು?

1954ರ ಮಾರ್ಚ್ 22ರಂದು, ಡೆಟ್ರಾಯ್ಟ್ ನಗರದ ಉತ್ತರ ಗಡಿಯಾದ ಎಂಟನೇ ಮೈಲಿ ರಸ್ತೆಯ ಆಚೆ ಬದಿಯಲ್ಲಿ ನಾರ್ತ್‌ಲ್ಯಾಂಡ್ ಸೆಂಟರ್ ತೆರೆಯಿತು. ನಟ್ಟನಡುವೆ ಹಡ್ಸನ್ಸ್ ಕಂಪನಿಯ ಡಿಪಾರ್ಟ್‌ಮೆಂಟ್ ಸ್ಟೋರ್, ಅದನ್ನು ಸುತ್ತುವರಿದು ಸಾಲುಸಾಲು ಅಂಗಡಿಗಳು, ಅಂಗಡಿಗಳ ನಡುವೆ ಗಿಡಮರ, ಕಾರಂಜಿ, ಶಿಲ್ಪಗಳಿದ್ದ ತೆರೆದ ಅಂಗಳಗಳು, ಎಲ್ಲದರ ಹೊರಗೆ ಸಾವಿರಾರು ಕಾರುಗಳು ನಿಲ್ಲುವಷ್ಟು ಬಯಲು. ಜಗತ್ತಿನಲ್ಲೇ ಅತಿ ದೊಡ್ಡ ಶಾಪಿಂಗ್ ಸೆಂಟರ್ ಎಂದು ಅದನ್ನು ಆಗ ಕೊಂಡಾಡಿದರು. 2015ರಲ್ಲಿ ಅದು ಮುಚ್ಚಿತು. 1950ರ ಜನಗಣತಿಯಲ್ಲಿ ಡೆಟ್ರಾಯ್ಟಿನ ಜನಸಂಖ್ಯೆ 18,49,568, 2010ರಲ್ಲಿ 7,13,777. ಈ ಅಂಕಿಗಳನ್ನು ಮಾಲ್‌ನ ಪಕ್ಕದಲ್ಲಿಟ್ಟ ಕೂಡಲೇ ಒಂದು ಕತೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ: ಮಾಲ್ ಬಂತು, ಪೇಟೆ ಸತ್ತಿತು, ಊರು ಬರಿದಾಯಿತು.

ಈ ಕತೆ ಎಷ್ಟರಮಟ್ಟಿಗೆ ನಿಜ? ಕಳೆದ ಮೂರು ನಾಲ್ಕು ದಶಕಗಳಲ್ಲಿ ಅಮೆರಿಕದ ನಗರ ಚರಿತ್ರೆಕಾರರು ಈ ಪ್ರಶ್ನೆಯನ್ನು ಬೇರೆ ಬೇರೆ ದಿಕ್ಕಿನಿಂದ ಕೆದಕಿದ್ದಾರೆ. ಅವರ ಬರಹಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ ನನಗೆ ಖಚಿತವಾದದ್ದು ಇಷ್ಟು. ಮಾಲ್‌ನ ಚರಿತ್ರೆಯನ್ನು ಮಾಲ್‌ನೊಳಗೇ ಹುಡುಕಹೊರಟವರಿಗೆ ಹೆಚ್ಚಾಗಿ ಸಿಗುವುದು ಅದರ ಮಾಲೀಕರು ಬರೆಸಿದ ಜಾಹೀರಾತು. ಊರಿನ ಗಡಿ ಎಲ್ಲಿ ಮುಗಿಯುತ್ತದೆ, ತೆರಿಗೆ ಯಾರ ಖಜಾನೆಗೆ ಹೋಗುತ್ತದೆ, ಮನೆ ಕೊಳ್ಳಲು ಸಾಲ ಯಾರಿಗೆ ಸಿಗುತ್ತದೆ, ಕಾರ್ಖಾನೆ ಯಾವ ವರ್ಷ ಬಾಗಿಲು ಹಾಕಿತು ಎಂಬ ಲೆಕ್ಕಗಳಲ್ಲಿ ನಿಜವಾದ ಚರಿತ್ರೆ ಅಡಗಿದೆ.

ಮೊದಲು ಎಲ್ಲರೂ ಹೇಳುವ ಹೆಸರಿನಿಂದಲೇ ತೊಡಗಬೇಕು. ನಾರ್ತ್‌ಲ್ಯಾಂಡನ್ನು ವಿನ್ಯಾಸ ಮಾಡಿದವರು ವಿಕ್ಟರ್ ಗ್ರೂಯೆನ್. 1903ರಲ್ಲಿ ವಿಯೆನ್ನಾದ ಯಹೂದಿ ಮನೆತನದಲ್ಲಿ ಹುಟ್ಟಿ, 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ತಪ್ಪಿಸಿಕೊಂಡು ನ್ಯೂಯಾರ್ಕಿಗೆ ಬಂದವರು. ಅಂಗಡಿಗಳ ಮುಂಭಾಗ ರೂಪಿಸುವ ಕೆಲಸದಿಂದ ಮೇಲೆ ಬಂದು, 1940ರ ದಶಕದ ಕೊನೆಗೆ ಹಡ್ಸನ್ಸ್‌ನ ಮುಖ್ಯಸ್ಥ ಆಸ್ಕರ್ ವೆಬರ್ ಅವರನ್ನು ಒಪ್ಪಿಸಿದರು. ಅಲ್ಲಿಯವರೆಗೆ ಹಡ್ಸನ್ಸ್‌ನದು ವುಡ್‌ವರ್ಡ್ ಅವೆನ್ಯೂದಲ್ಲಿದ್ದ ಒಂದೇ ಬೃಹತ್ ಮಳಿಗೆ. ಗಾತ್ರದಲ್ಲಿ ನ್ಯೂಯಾರ್ಕಿನ ಮೇಸೀಸ್ ಬಿಟ್ಟರೆ ಅದಕ್ಕೆ ಸಾಟಿಯಿರಲಿಲ್ಲ. ಉಪನಗರಕ್ಕೆ ಶಾಖೆ ಹಾಕುವುದೆಂದರೆ ತಮ್ಮ ಪೇಟೆಗೆ ತಾವೇ ಬೆನ್ನು ಹಾಕಿದಂತೆ ಎಂಬ ಅಳುಕು ಕಂಪನಿಗಿತ್ತು. ಹೆದ್ದಾರಿಯ ಉದ್ದಕ್ಕೂ ಅಡ್ಡಾದಿಡ್ಡಿಯಾಗಿ ಅಂಗಡಿಗಳು ಹಬ್ಬುವ ಮೊದಲೇ ದೊಡ್ಡ ಜಾಗ ಕೊಂಡು, ಸುತ್ತಲಿನ ಬೆಳವಣಿಗೆಯನ್ನೂ ಹಿಡಿತದಲ್ಲಿಟ್ಟುಕೊಂಡು, ನಗರದ ಸುತ್ತ ಕೇಂದ್ರಗಳನ್ನು ಕಟ್ಟಿ ಎಂಬುದು ಗ್ರೂಯೆನ್ ಸಲಹೆ. ಮೊದಲು ಕಟ್ಟಬೇಕೆಂದಿದ್ದದ್ದು ಪೂರ್ವದ ಈಸ್ಟ್‌ಲ್ಯಾಂಡ್. ಕೊರಿಯಾ ಯುದ್ಧದ ಕಾಲದಲ್ಲಿ ಕಟ್ಟಡ ಸಾಮಗ್ರಿಗೆ ಬಿದ್ದ ನಿರ್ಬಂಧದಿಂದ ಅದು ಹಿಂದೆ ಬಿತ್ತು. ಹೀಗಾಗಿ ನಾರ್ತ್‌ಲ್ಯಾಂಡ್ 1954ರಲ್ಲಿ, ಈಸ್ಟ್‌ಲ್ಯಾಂಡ್ 1957ರಲ್ಲಿ, ವೆಸ್ಟ್‌ಲ್ಯಾಂಡ್ 1965ರಲ್ಲಿ, ಸೌತ್‌ಲ್ಯಾಂಡ್ 1970ರಲ್ಲಿ ಬಂದವು. ನಾಲ್ಕು ದಿಕ್ಕಿಗೂ ಒಂದೊಂದು.

ಗ್ರೂಯೆನ್ ಬಗ್ಗೆ ಬರೆದವರಲ್ಲಿ ಜೆಫ್ರಿ ಹಾರ್ಡ್‌ವಿಕ್ ಅವರ 'ಮಾಲ್ ಮೇಕರ್' (2003) ಮತ್ತು ಅಲೆಕ್ಸ್ ವಾಲ್ ಅವರ ಗ್ರಂಥ (2005) ಮುಖ್ಯವಾದವು. ಇಬ್ಬರೂ ತೋರಿಸುವಂತೆ, ಗ್ರೂಯೆನ್ ಕಂಡ ಕನಸು ಬರಿಯ ಅಂಗಡಿಗಳದ್ದಲ್ಲ. ಕೇಂದ್ರವೇ ಇಲ್ಲದ ಅಮೆರಿಕದ ಉಪನಗರಕ್ಕೆ ವಿಯೆನ್ನಾದ ಚೌಕದಂಥ ಒಂದು ನಡುಮನೆ ಕೊಡಬೇಕು, ಅಲ್ಲಿ ಜನ ಕಾರಿನಿಂದ ಇಳಿದು ನಡೆಯಬೇಕು, ಕುಳಿತು ಮಾತಾಡಬೇಕು, ಸಭೆ ಸೇರಬೇಕು ಎಂಬುದು ಅವರ ಆಸೆ. ನಾರ್ತ್‌ಲ್ಯಾಂಡಿನಲ್ಲಿ ಸಾರ್ವಜನಿಕರ ಸಭೆಗೆಂದೇ ಸಭಾಂಗಣ ಮಾಡಿದ್ದರು. ಸರಕಿನ ಲಾರಿಗಳು ಗಿರಾಕಿಗಳ ಕಣ್ಣಿಗೇ ಬೀಳದಂತೆ ನೆಲದಡಿಯಲ್ಲಿ ಸುರಂಗಮಾರ್ಗ ತೆಗೆದಿದ್ದರು. ಮಾರ್ಷಲ್ ಫ್ರೆಡ್ರಿಕ್ಸ್ ಅವರ 'ಬಾಯ್ ಅಂಡ್ ಬೇರ್' ಎಂಬ ಹುಡುಗ-ಕರಡಿಯ ಶಿಲ್ಪ ಮಕ್ಕಳ ಅಚ್ಚುಮೆಚ್ಚಾಯಿತು. ಮಾಲ್ ಮುಚ್ಚಿದ ಮೇಲೆ ಅದು ಸೌತ್‌ಫೀಲ್ಡ್ ಸಾರ್ವಜನಿಕ ಗ್ರಂಥಾಲಯ ಸೇರಿದೆ. 1956ರಲ್ಲಿ ಮಿನಿಯಾಪೊಲಿಸ್ ಬಳಿಯ ಈಡೈನಾದಲ್ಲಿ ಗ್ರೂಯೆನ್ ಸೌತ್‌ಡೇಲ್ ಕಟ್ಟಿದರು. ಪೂರ್ತಿ ಸೂರಿನಡಿಯಲ್ಲಿದ್ದು, ವರ್ಷವಿಡೀ ಒಂದೇ ಹದದ ಗಾಳಿಯಿರುವ ಮೊದಲ ಮಾಲ್ ಅದು. ನಂತರ ದೇಶವೆಲ್ಲ ನಕಲು ಮಾಡಿದ್ದು ನಾರ್ತ್‌ಲ್ಯಾಂಡಿನ ತೆರೆದ ಅಂಗಳವನ್ನಲ್ಲ, ಸೌತ್‌ಡೇಲಿನ ಮುಚ್ಚಿದ ಪೆಟ್ಟಿಗೆಯನ್ನು. 1970ರ ದಶಕದಲ್ಲಿ ನಾರ್ತ್‌ಲ್ಯಾಂಡಿಗೂ ಚಾವಣಿ ಬಿತ್ತು. ಗ್ರೂಯೆನ್ ಬೇಸತ್ತು 1968ರಲ್ಲಿ ವಿಯೆನ್ನಾಕ್ಕೆ ಮರಳಿದರು. 1978ರಲ್ಲಿ, ಸಾಯುವ ಎರಡು ವರ್ಷ ಮೊದಲು, ತನ್ನ ಹೆಸರಿನಲ್ಲಿ ಬೆಳೆದ ಈ ಸಂತತಿ ತನ್ನದಲ್ಲ ಎಂದು ಸಾರ್ವಜನಿಕವಾಗಿ ಹೇಳಿಬಿಟ್ಟರು.

ಇದು ನಿಜಕ್ಕೂ ಮನ ಕಲಕುವ ಬದುಕು. ಆದರೆ ಒಬ್ಬ ವ್ಯಕ್ತಿಯ ಏಳುಬೀಳಿನಿಂದ ಒಂದು ದೇಶದ ಪೇಟೆಗಳ ಗತಿಯನ್ನು ವಿವರಿಸಲಾಗದು. ಮೇಲಾಗಿ ಗ್ರೂಯೆನ್ ತನ್ನ ಕತೆಯನ್ನು ತಾನೇ ಸೊಗಸಾಗಿ ಹೇಳಿಕೊಳ್ಳಬಲ್ಲವರಾಗಿದ್ದರು. ಸಂಸ್ಥಾಪಕರು ನೆನಪಿಸಿಕೊಳ್ಳುವ 'ಆ ಒಂದು ದಿನ', 'ಆ ಒಂದು ಭೇಟಿ'ಗಳನ್ನು ಪತ್ರವ್ಯವಹಾರದ ತಾರೀಖುಗಳ ಜೊತೆ ತಾಳೆ ನೋಡದೆ ಒಪ್ಪಬಾರದು. ಗ್ರೂಯೆನ್ ಅವರ ಕಾಗದಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲೂ ವಯೋಮಿಂಗ್ ವಿಶ್ವವಿದ್ಯಾಲಯದ ಅಮೆರಿಕನ್ ಹೆರಿಟೇಜ್ ಸೆಂಟರ್‌ನಲ್ಲೂ ಇವೆ.

ಎರಡನೆಯ ವಿವರಣೆ ಹಣದ್ದು. 1996ರಲ್ಲಿ 'ಅಮೆರಿಕನ್ ಹಿಸ್ಟಾರಿಕಲ್ ರಿವ್ಯೂ' ಪತ್ರಿಕೆ ಶಾಪಿಂಗ್ ಸೆಂಟರುಗಳ ಬಗ್ಗೆ ಮೂರು ಲೇಖನಗಳನ್ನು ಒಟ್ಟಿಗೆ ಪ್ರಕಟಿಸಿತು. ಇವತ್ತಿಗೂ ಈ ವಿಷಯಕ್ಕೆ ಇಳಿಯುವವರು ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ಅದರಲ್ಲಿ ಥಾಮಸ್ ಹ್ಯಾಂಚೆಟ್ ಎತ್ತಿ ತೋರಿಸಿದ್ದು 1954ರ ತೆರಿಗೆ ಕಾನೂನನ್ನು. ಹೊಸದಾಗಿ ಕಟ್ಟಿದ ವಾಣಿಜ್ಯ ಕಟ್ಟಡದ ಸವಕಳಿಯನ್ನು ವರ್ಷವರ್ಷವೂ ಸಮನಾಗಿ ತೋರಿಸುವ ಬದಲು ಮೊದಲ ವರ್ಷಗಳಲ್ಲೇ ಹೆಚ್ಚು ತೋರಿಸಬಹುದು ಎಂದಿತು ಆ ಕಾನೂನು. ಕಟ್ಟಡ ಬಾಡಿಗೆ ತರುತ್ತಿದ್ದರೂ ಲೆಕ್ಕದ ಪುಸ್ತಕದಲ್ಲಿ ನಷ್ಟ. ಆ ನಷ್ಟವನ್ನು ಮಾಲೀಕ ತನ್ನ ಬೇರೆ ಆದಾಯದಲ್ಲಿ ಕಳೆದು ತೆರಿಗೆ ಉಳಿಸಿಕೊಳ್ಳಬಹುದು. ಹಳೆಯ ಪೇಟೆಯ ಕಟ್ಟಡ ದುರಸ್ತಿ ಮಾಡಿದವನಿಗಿಂತ ಹೊಲದಲ್ಲಿ ಹೊಸದು ಕಟ್ಟಿದವನಿಗೆ ಲಾಭ ಹೆಚ್ಚು. ಮಾಲ್‌ಗಳ ಮಹಾಪೂರ ಬಂದದ್ದು ಗಿರಾಕಿಯ ಆಸೆಯಿಂದ ಮಾತ್ರವಲ್ಲ, ಸರಕಾರ ಪರೋಕ್ಷವಾಗಿ ಕೊಟ್ಟ ಸಹಾಯಧನದಿಂದ ಎಂಬುದು ಹ್ಯಾಂಚೆಟ್ ವಾದ.

ವಾದ ಗಟ್ಟಿಯಾಗಿದೆ. ಆದರೆ ಇಲ್ಲಿ ತಾರೀಖು ನೋಡಬೇಕು. ಆ ಕಾನೂನಿಗೆ ಅಧ್ಯಕ್ಷ ಐಸೆನ್‌ಹೋವರ್ ಸಹಿ ಬಿದ್ದದ್ದು 1954ರ ಆಗಸ್ಟ್ 16ರಂದು. ನಾರ್ತ್‌ಲ್ಯಾಂಡ್ ತೆರೆದು ಆಗಲೇ ಸುಮಾರು ಐದು ತಿಂಗಳಾಗಿತ್ತು. ಹೆದ್ದಾರಿಯೇ ಮಾಲನ್ನು ಹುಟ್ಟಿಸಿತು ಎನ್ನುವವರಿಗೂ ಇದೇ ಮಾತು: 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿ ಜಾಲಕ್ಕೆ ಹಣ ಕೊಟ್ಟ ಕಾನೂನು ಬಂದದ್ದು 1956ರಲ್ಲಿ. ಅಂದರೆ ತೆರಿಗೆ ರಿಯಾಯಿತಿ, ಹೆದ್ದಾರಿ ಎರಡೂ ನಾರ್ತ್‌ಲ್ಯಾಂಡ್ ಏಕೆ ಹುಟ್ಟಿತು ಎಂಬುದಕ್ಕೆ ಉತ್ತರವಾಗುವುದಿಲ್ಲ. ನಾರ್ತ್‌ಲ್ಯಾಂಡಿನ ಹಿಂದೆ ನೂರಾರು ಮಾಲ್‌ಗಳು ಏಕೆ ಬಂದವು, ಹಡ್ಸನ್ಸ್‌ನಂಥ ಊರಿನ ಹಳೆಯ ವ್ಯಾಪಾರಿ ಮನೆತನಗಳ ಬದಲು ಊರಿನ ಹಂಗೇ ಇಲ್ಲದ ಹೂಡಿಕೆದಾರರು ಏಕೆ ಮುಂದೆ ಬಂದರು ಎಂಬುದಕ್ಕೆ ಉತ್ತರವಾಗುತ್ತವೆ. ನಾರ್ತ್‌ಲ್ಯಾಂಡ್ ಮತ್ತು ಆಮೇಲಿನ ಮಾಲ್‌ಗಳು ಬೇರೆ ಬೇರೆ ಕಾರಣಗಳ ಮಕ್ಕಳು. ಈ ವ್ಯತ್ಯಾಸವನ್ನು ಮರೆಸಿ ಎಲ್ಲವನ್ನೂ ಒಂದೇ ಹಗ್ಗಕ್ಕೆ ಕಟ್ಟುವ ಬರಹಗಳನ್ನು ನಾನು ನಂಬುವುದಿಲ್ಲ.

ಹಾಗಾದರೆ ನಾರ್ತ್‌ಲ್ಯಾಂಡ್ ಹುಟ್ಟಿಗೆ ಕಾರಣವೇನು? ಇದಕ್ಕೆ ಉತ್ತರ ಬೇಕಾದರೆ ಮಾಲ್ ಎಂಬ ಪದವೇ ಹೆಚ್ಚು ಕಾಣದ ಪುಸ್ತಕವೊಂದನ್ನು ಓದಬೇಕು. ಥಾಮಸ್ ಸುಗ್ರೂ ಅವರ 'ದಿ ಒರಿಜಿನ್ಸ್ ಆಫ್ ದಿ ಅರ್ಬನ್ ಕ್ರೈಸಿಸ್' (1996) ಡೆಟ್ರಾಯ್ಟ್ ಕುರಿತ ಚರ್ಚೆಯ ದಿಕ್ಕನ್ನೇ ಬದಲಿಸಿತು. 1967ರ ಜುಲೈನಲ್ಲಿ 43 ಜನರು ಸತ್ತ ಗಲಭೆಯಿಂದ ಊರು ಹಾಳಾಯಿತು ಎಂಬ ಮಾತು ಆವರೆಗೆ ಮನೆಮಾತಾಗಿತ್ತು. ಕುಸಿತ ಅದಕ್ಕೂ ಬಹಳ ಮೊದಲು, ಊರು ಉಚ್ಛ್ರಾಯದಲ್ಲಿದ್ದಂತೆ ಕಾಣುತ್ತಿದ್ದಾಗಲೇ ಶುರುವಾಗಿತ್ತು ಎಂದು ಸುಗ್ರೂ ದಾಖಲೆ ಸಮೇತ ತೋರಿಸಿದರು. 1947ರಿಂದ 1963ರ ನಡುವೆ ಡೆಟ್ರಾಯ್ಟ್ ಕಳೆದುಕೊಂಡ ಕಾರ್ಖಾನೆ ಕೆಲಸಗಳು ಸುಮಾರು 1,34,000. ನಾರ್ತ್‌ಲ್ಯಾಂಡ್ ತೆರೆದ 1954ರಲ್ಲೇ ಹಡ್ಸನ್ ಮೋಟಾರ್ ಕಂಪನಿ ಇನ್ನೊಂದು ಕಂಪನಿಯೊಂದಿಗೆ ವಿಲೀನವಾಗಿ ಅದರ ಡೆಟ್ರಾಯ್ಟ್ ಕಾರ್ಖಾನೆಯಲ್ಲಿ ಕಾರು ತಯಾರಿಕೆ ನಿಂತಿತು. ಆ ಕಾರು ಕಂಪನಿಗೆ ಮೊದಲ ಬಂಡವಾಳ ಹಾಕಿದ್ದವರು ಡಿಪಾರ್ಟ್‌ಮೆಂಟ್ ಸ್ಟೋರಿನ ಸ್ಥಾಪಕ ಜೆ. ಎಲ್. ಹಡ್ಸನ್ ಅವರೇ. 1956ರಲ್ಲಿ ಪ್ಯಾಕರ್ಡ್ ಕಾರ್ಖಾನೆಯೂ ನಿಂತಿತು. ಪೇಟೆಯ ಗಿರಾಕಿಯ ಕೈಗೆ ಸಂಬಳ ಬರುತ್ತಿದ್ದ ಗೇಟುಗಳೇ ಒಂದೊಂದಾಗಿ ಮುಚ್ಚುತ್ತಿದ್ದವು.

ಇದರ ಜೊತೆಗೆ ಮನೆಯ ಪ್ರಶ್ನೆ. ಕಪ್ಪು ಜನರಿಗೆ ಮಾರಕೂಡದು ಎಂಬ ಷರತ್ತನ್ನು ಮನೆಯ ಕ್ರಯಪತ್ರದಲ್ಲೇ ಬರೆಯುವ ಪದ್ಧತಿ ಡೆಟ್ರಾಯ್ಟಿನಲ್ಲಿ ವ್ಯಾಪಕವಾಗಿತ್ತು. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿಮಾಡಲಾಗದು ಎಂದು ಸುಪ್ರೀಂ ಕೋರ್ಟ್ 1948ರಲ್ಲಿ ತೀರ್ಪಿತ್ತಾಗ, ಮುಂದಿದ್ದ ಪ್ರಕರಣಗಳಲ್ಲಿ ಡೆಟ್ರಾಯ್ಟಿನ ಒಂದು ಮನೆಯ ತಕರಾರೂ ಇತ್ತು. ಆದರೂ ಸರಕಾರದ ವಿಮೆಯ ಆಸರೆಯಿದ್ದ ಗೃಹಸಾಲ ಬಿಳಿಯರಿಗೆ ಸುಲಭವಾಗಿ, ಕಪ್ಪು ಜನರಿಗೆ ಅಪರೂಪವಾಗಿ ಸಿಗುತ್ತಿತ್ತು. ನಾರ್ತ್‌ಲ್ಯಾಂಡಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಎಂಟನೇ ಮೈಲಿ ರಸ್ತೆಯ ಹತ್ತಿರ, 1941ರಲ್ಲಿ ಕಟ್ಟಿದ ಅರ್ಧ ಮೈಲಿ ಉದ್ದದ ಗೋಡೆ ಇವತ್ತಿಗೂ ನಿಂತಿದೆ. ಕಪ್ಪು ಜನರ ವಸತಿಯಿಂದ ತನ್ನ ಬಡಾವಣೆಯನ್ನು ಬೇರ್ಪಡಿಸಿದರೆ ಸಾಲಕ್ಕೆ ಒಪ್ಪಿಗೆ ಸಿಗುತ್ತದೆಂದು ಬಿಲ್ಡರ್ ಒಬ್ಬ ಎಬ್ಬಿಸಿದ ಗೋಡೆ ಅದು. ಇತ್ತ ಕಪ್ಪು ಜನರ ವ್ಯಾಪಾರದ ಬೆನ್ನೆಲುಬಾಗಿದ್ದ ಹೇಸ್ಟಿಂಗ್ಸ್ ಬೀದಿ ಕ್ರೈಸ್ಲರ್ ಹೆದ್ದಾರಿಗೆ ಬಲಿಯಾಯಿತು. ಡೆಟ್ರಾಯ್ಟಿನಲ್ಲಿ ಸತ್ತ ಪೇಟೆಯ ಬಗ್ಗೆ ಮರುಗುವವರು ಹೆಚ್ಚಾಗಿ ವುಡ್‌ವರ್ಡ್ ಅವೆನ್ಯೂ ಒಂದನ್ನೇ ನೆನೆಯುತ್ತಾರೆ. ಹೇಸ್ಟಿಂಗ್ಸ್ ಬೀದಿಯನ್ನು ಕೊಂದದ್ದು ಮಾಲ್ ಅಲ್ಲ, ಬುಲ್ಡೋಜರ್. ಜೂನ್ ಮ್ಯಾನಿಂಗ್ ಥಾಮಸ್ ಅವರ 'ರಿಡೆವಲಪ್‌ಮೆಂಟ್ ಅಂಡ್ ರೇಸ್' (1997) ಈ ಭಾಗಕ್ಕೆ ಒಳ್ಳೆಯ ಕೈಪಿಡಿ.

ಈ ಹಿನ್ನೆಲೆಯಲ್ಲಿ ನೋಡಿದರೆ ಹಡ್ಸನ್ಸ್ ಮಾಡಿದ್ದು ಹೊರಟು ಹೋಗುತ್ತಿದ್ದ ಗಿರಾಕಿಯ ಬೆನ್ನು ಹತ್ತಿದ್ದು. ಪೇಟೆಗಳ ಇಳಿಗಾಲ ಎರಡನೇ ಮಹಾಯುದ್ಧಕ್ಕೂ ಮೊದಲೇ ಶುರುವಾಗಿತ್ತು ಎಂದು ರಾಬರ್ಟ್ ಫೋಗೆಲ್ಸನ್ 'ಡೌನ್‌ಟೌನ್' (2001) ಗ್ರಂಥದಲ್ಲಿ ತೋರಿಸಿದ್ದಾರೆ. ಹಡ್ಸನ್ಸ್‌ನ ವುಡ್‌ವರ್ಡ್ ಮಳಿಗೆ ಮುಚ್ಚಿದ್ದು 1983ರ ಜನವರಿಯಲ್ಲಿ, ನಾರ್ತ್‌ಲ್ಯಾಂಡ್ ತೆರೆದ ಸುಮಾರು 29 ವರ್ಷಗಳ ಮೇಲೆ. ಕಟ್ಟಡವನ್ನು 1998ರ ಅಕ್ಟೋಬರ್ 24ರಂದು ಸ್ಫೋಟಕವಿಟ್ಟು ಉರುಳಿಸಿದರು. ಒಂದು ಹೊಡೆತಕ್ಕೆ ಬೀಳಲು ಇಷ್ಟು ಕಾಲ ಹಿಡಿಯುವುದಿಲ್ಲ. ಹಾಗೆಂದು ಮಾಲ್ ನಿರಪರಾಧಿ ಎಂದು ನಾನು ಹೇಳಲಾರೆ. ಅದು ಪೇಟೆಯ ಗಿರಾಕಿಯನ್ನಷ್ಟೇ ಅಲ್ಲ, ಆಸ್ತಿ ತೆರಿಗೆಯನ್ನೂ ಎಂಟನೇ ಮೈಲಿಯ ಆಚೆಗೆ ಒಯ್ದಿತು. ಶಾಲೆ, ಪೊಲೀಸು, ರಸ್ತೆ ಎಲ್ಲಕ್ಕೂ ಸ್ಥಳೀಯ ಆಸ್ತಿ ತೆರಿಗೆಯನ್ನೇ ನೆಚ್ಚಿದ ವ್ಯವಸ್ಥೆಯಲ್ಲಿ ಇದು ಸಣ್ಣ ಪೆಟ್ಟಲ್ಲ. ನಾರ್ತ್‌ಲ್ಯಾಂಡಿದ್ದ ಸೌತ್‌ಫೀಲ್ಡ್ ಟೌನ್‌ಶಿಪ್ 1958ರಲ್ಲಿ ತಾನೇ ನಗರವಾಯಿತು. ಪಶ್ಚಿಮದಲ್ಲಿ ಇನ್ನೂ ವಿಶೇಷ: ಮಾಲ್ ಇದ್ದ ಜಾಗವನ್ನು ಪಕ್ಕದ ಲಿವೋನಿಯಾ ಸೇರಿಸಿಕೊಂಡೀತೆಂಬ ಭಯಕ್ಕೆ ನ್ಯಾನ್ಕಿನ್ ಟೌನ್‌ಶಿಪ್ 1966ರಲ್ಲಿ ನಗರವಾಗಿ, ಮಾಲ್‌ನ ಹೆಸರನ್ನೇ ತನಗಿಟ್ಟುಕೊಂಡು ವೆಸ್ಟ್‌ಲ್ಯಾಂಡ್ ಎನಿಸಿತು. ಮಾಲ್‌ನಿಂದ ಊರಿಗೆ ಹೆಸರು ಬಂದ ಈ ಪ್ರಸಂಗಕ್ಕೆ ಪುಸ್ತಕಗಳು ಒಂದು ಸಾಲು ಕೊಟ್ಟು ಮುಂದೆ ಹೋಗುತ್ತವೆ. ನನ್ನ ಮಟ್ಟಿಗೆ ಇಡೀ ಚರಿತ್ರೆಯ ಕೀಲಿ ಅಲ್ಲಿದೆ.

ಇನ್ನು ಲಿಜಬೆತ್ ಕೋಹೆನ್. ಹ್ಯಾಂಚೆಟ್ ಲೇಖನವಿದ್ದ 1996ರ ಆ ಸಂಚಿಕೆಯಲ್ಲೂ ನಂತರ 'ಎ ಕನ್ಸ್ಯೂಮರ್ಸ್ ರಿಪಬ್ಲಿಕ್' (2003) ಗ್ರಂಥದಲ್ಲೂ ಅವರು ನ್ಯೂಜೆರ್ಸಿಯ ಪರಾಮಸ್ ಮಾಲ್‌ಗಳನ್ನು ಮುಂದಿಟ್ಟುಕೊಂಡು ಕೇಳಿದ ಪ್ರಶ್ನೆ ನಾಗರಿಕನದು: ಬೀದಿ ಎಲ್ಲರದು, ಮಾಲ್ ಒಡೆಯನದು, ಹಾಗಾದರೆ ಅಲ್ಲಿ ಕರಪತ್ರ ಹಂಚುವ, ಮುಷ್ಕರ ಹೂಡುವ ಹಕ್ಕು ಏನಾಯಿತು? ಸುಪ್ರೀಂ ಕೋರ್ಟ್ 1968ರಲ್ಲಿ ಮಾಲ್ ಕೂಡ ಊರ ಬೀದಿಯಂತೆಯೇ ಎಂದಿತು. 1972 ಮತ್ತು 1976ರಲ್ಲಿ ಹಿಂದೆ ಸರಿಯಿತು. 1980ರಲ್ಲಿ ಅದನ್ನು ಆಯಾ ರಾಜ್ಯದ ಸಂವಿಧಾನಕ್ಕೆ ಬಿಟ್ಟಿತು. ಮಿಷಿಗನ್ನಿನ ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಮಾಲ್ ಒಡೆಯರ ಪರ ನಿಂತಿತು. ಗ್ರೂಯೆನ್ ಬಯಸಿದ್ದ ಚೌಕಕ್ಕೆ ಅಲ್ಲಿ ಕಾನೂನಿನ ಬಾಗಿಲು ಮುಚ್ಚಿತು.

ಈಗ ಆಕರಗಳ ಮಾತು. ಮಾಲ್ ಬಗ್ಗೆ ಕೆಲಸ ಮಾಡಹೊರಟ ಹೊಸಬರಿಗೆ ಮೊದಲು ಕೈಗೆ ಬರುವುದು 'ಡೆಟ್ರಾಯ್ಟ್ ನ್ಯೂಸ್' ಮತ್ತು 'ಫ್ರೀ ಪ್ರೆಸ್' ಪತ್ರಿಕೆಗಳ ಸುದ್ದಿಗಳು. ಉದ್ಘಾಟನೆಯ ದಿನಗಳ ಪುಟಗಳಲ್ಲಿ ಬಾಡಿಗೆದಾರರು ಯಾರು, ಪಾರ್ಕಿಂಗ್ ಎಷ್ಟು ಎಂಬ ವಿವರ ಧಾರಾಳ, ವಿಮರ್ಶೆ ವಿರಳ. ಹಡ್ಸನ್ಸ್ ಆ ಪತ್ರಿಕೆಗಳಿಗೆ ಬಹು ದೊಡ್ಡ ಜಾಹೀರಾತುದಾರ ಎಂಬುದನ್ನು ಮರೆಯದೆ ಓದಬೇಕು. 'ಆರ್ಕಿಟೆಕ್ಚರಲ್ ಫೋರಂ'ನಂಥ ವಾಸ್ತು ಪತ್ರಿಕೆಗಳು ನಕ್ಷೆ, ಚಿತ್ರ ಕೊಡುತ್ತವೆ; ಅವುಗಳ ಬಹುತೇಕ ಚಿತ್ರಗಳಲ್ಲಿ ಕಟ್ಟಡ ಥಳಥಳಿಸುತ್ತದೆ, ಕೆಲಸಗಾರ ಕಾಣುವುದಿಲ್ಲ.

ಇದಕ್ಕಿಂತ ಬೆಲೆಬಾಳುವ ಆಕರ ವೈಮಾನಿಕ ಚಿತ್ರಗಳು. ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯ ಕಾಪಾಡಿರುವ, ಡಿಟಿಇ ವಿದ್ಯುತ್ ಕಂಪನಿಯ ಸಂಗ್ರಹದಲ್ಲಿ 1949 ಮೊದಲ್ಗೊಂಡು ಡೆಟ್ರಾಯ್ಟ್ ಸೀಮೆಯನ್ನು ಮೇಲಿನಿಂದ ತೆಗೆದ ಚಿತ್ರಗಳಿವೆ. ಒಂದೇ ಜಾಗದ ಚಿತ್ರಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿದರೆ ಹೊಲ ಯಾವಾಗ ಬಡಾವಣೆಯಾಯಿತು, ಬಡಾವಣೆ ಮೊದಲೋ ಮಾಲ್ ಮೊದಲೋ ಎಂಬ ವಾದ ಕಣ್ಣೆದುರೇ ತೀರ್ಮಾನವಾಗುತ್ತದೆ. ವಿಮಾ ಕಂಪನಿಗಳಿಗಾಗಿ ತಯಾರಾದ ಸ್ಯಾನ್‌ಬಾರ್ನ್ ನಕ್ಷೆಗಳು ಹಳೆಯ ಪೇಟೆಯ ಒಂದೊಂದು ಕಟ್ಟಡದ ಗೋಡೆ ಯಾವುದರದು, ಒಳಗೇನಿತ್ತು ಎಂದು ಹೇಳುತ್ತವೆ. ಪೋಲ್ಕ್ ಡೈರೆಕ್ಟರಿಗಳು ಯಾವ ವಿಳಾಸದಲ್ಲಿ ಯಾರ ಅಂಗಡಿ, ಯಾವ ವರ್ಷ ಖಾಲಿಯಾಯಿತು ಎಂಬುದನ್ನು ಕೊಡುತ್ತವೆ. ಇವನ್ನು ಡೆಟ್ರಾಯ್ಟ್ ಸಾರ್ವಜನಿಕ ಗ್ರಂಥಾಲಯದ ಬರ್ಟನ್ ಸಂಗ್ರಹದಲ್ಲಿ ನೋಡಬಹುದು. ವುಡ್‌ವರ್ಡ್‌ನ ಅಂಗಡಿಗಳಲ್ಲಿ ಎಷ್ಟು ಮಾಲ್‌ಗೆ ಎದ್ದು ಹೋದವು, ಎಷ್ಟು ಎರಡೂ ಕಡೆ ನಡೆದವು, ಎಷ್ಟು ಸುಮ್ಮನೆ ಮುಚ್ಚಿದವು ಎಂಬುದನ್ನು ಡೈರೆಕ್ಟರಿ ಹಿಡಿದು ಒಂದೊಂದೇ ಬಾಗಿಲನ್ನು ಎಣಿಸಿ ತಿಳಿಯಬೇಕು. ಬೇಸರದ ಕೆಲಸ. ಆದರೆ 'ಮಾಲ್ ಪೇಟೆಯನ್ನು ಕೊಂದಿತು' ಎಂಬ ಮಾತನ್ನು ಸಾಕ್ಷಿಯ ಕಟಕಟೆಗೆ ತರುವುದು ಈ ಎಣಿಕೆಯೇ.

ಕೌಂಟಿ ನೋಂದಣಿ ಕಚೇರಿಯ ಕ್ರಯಪತ್ರಗಳು, ಟೌನ್‌ಶಿಪ್ ಮಂಡಳಿಯ ನಡವಳಿ ಪುಸ್ತಕಗಳು, ತೆರಿಗೆ ನಿರ್ಧರಣೆಯ ಕಡತಗಳು ಇದಕ್ಕೆ ಪೂರಕ. ಜಮೀನು ಯಾರಿಂದ ಯಾವಾಗ ಹೋಯಿತು, ಒಳಚರಂಡಿಗೆ ಖರ್ಚು ಕೊಟ್ಟವರು ಯಾರು, ವಾಣಿಜ್ಯ ವಲಯ ಎಂದು ಬದಲಿಸಿದ ಸಭೆಯಲ್ಲಿ ವಿರೋಧಿಸಿದವರು ಯಾರು ಎಂಬುದು ಅಲ್ಲಿರುತ್ತದೆ. ಮಾಲ್‌ನ ಜನನ ಪತ್ರ ಇರುವುದು ವಾಸ್ತುಶಿಲ್ಪಿಯ ಮೇಜಿನ ಮೇಲಲ್ಲ, ಈ ಕಡತಗಳಲ್ಲಿ.

ಕಪ್ಪು ಜನರ ಅನುಭವಕ್ಕೆ 'ಮಿಷಿಗನ್ ಕ್ರಾನಿಕಲ್' ಪತ್ರಿಕೆಯನ್ನೂ, ಆ್ಯನ್ ಆರ್ಬರ್‌ನ ಬೆಂಟ್ಲಿ ಗ್ರಂಥಾಲಯದಲ್ಲಿರುವ ಡೆಟ್ರಾಯ್ಟ್ ಅರ್ಬನ್ ಲೀಗ್ ಕಾಗದಗಳನ್ನೂ ನೋಡದೆ ಯಾರೂ ಬರೆಯಬಾರದು. ಕಾರ್ಮಿಕರ ಕಡೆಯಿಂದ ತಿಳಿಯಲು ವಾಲ್ಟರ್ ರೂಥರ್ ಗ್ರಂಥಾಲಯವಿದೆ. ಇಷ್ಟಾದರೂ ದೊಡ್ಡ ಕೊರತೆಯೊಂದು ಉಳಿದೇ ಇದೆ: ಕೌಂಟರಿನ ಹಿಂದೆ ನಿಂತವರು, ನೆಲ ಒರೆಸಿದವರು, ವಾರಾಂತ್ಯದಲ್ಲಿ ಸುಮ್ಮನೆ ಸುತ್ತಲು ಬಂದ ಹುಡುಗ ಹುಡುಗಿಯರು ಕಾಗದದಲ್ಲಿ ಇಲ್ಲ. ನಾರ್ತ್‌ಲ್ಯಾಂಡಿನ ಕೊನೆಯ ದಶಕಗಳ ಚರಿತ್ರೆಯಂತೂ ಅವರಿಲ್ಲದೆ ಬರೆಯಲಾಗದು. ಸೌತ್‌ಫೀಲ್ಡ್ 2010ರ ಹೊತ್ತಿಗೆ ಸುಮಾರು ಶೇಕಡ 70ರಷ್ಟು ಕಪ್ಪು ಜನರ ಊರಾಗಿತ್ತು. ಗಡಿಯ ಗೋಡೆಗಳನ್ನು ದಾಟಿ ಬಂದ ಮಧ್ಯಮವರ್ಗದ ಆ ಕುಟುಂಬಗಳಿಗೆ ನಾರ್ತ್‌ಲ್ಯಾಂಡ್ 'ನಮ್ಮ ಮಾಲ್' ಆಗಿತ್ತು. 'ಬಿಳಿಯರು ಬಿಟ್ಟುಹೋದ ಮೇಲೆ ಮಾಲ್ ಹಾಳಾಯಿತು' ಎಂದು ಒಂದೇ ವಾಕ್ಯದಲ್ಲಿ ಮುಗಿಸುವ ಬರಹ ಈ ಕುಟುಂಬಗಳ ಮೂರು ದಶಕಗಳ ಬದುಕನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದು ಅನ್ಯಾಯ.

ಈಸ್ಟ್‌ಲ್ಯಾಂಡ್ 2021ರಲ್ಲಿ ಮುಚ್ಚಿ, ಆಮೇಲೆ ನೆಲಸಮವಾಯಿತು. ನಾರ್ತ್‌ಲ್ಯಾಂಡಿನ ಬಹುಭಾಗ ಕೆಡವಿಯಾಗಿದೆ. ಅಲ್ಲಿನ ಹಳೆಯ ಹಡ್ಸನ್ಸ್ ಕಟ್ಟಡವನ್ನು ಉಳಿಸಿ ವಸತಿಗೆ ಮಾರ್ಪಡಿಸುವ ಯೋಜನೆ ಕೈಗೆತ್ತಿಕೊಂಡಿದ್ದಾರೆ. ಕಟ್ಟಡಗಳಿಗಿಂತ ವೇಗವಾಗಿ ಕಣ್ಮರೆಯಾಗುತ್ತಿರುವುದು ಅವನ್ನು ಬಳಸಿದವರ ನೆನಪು. ಇಲ್ಲಿ ಕನ್ನಡಿಗರಿಗೂ ಒಂದು ಪಾಲಿದೆ. 1965ರ ವಲಸೆ ಕಾನೂನಿನ ನಂತರ ಕಾರು ಕಂಪನಿಗಳಿಗೆ, ಆಸ್ಪತ್ರೆಗಳಿಗೆ ಕೆಲಸಕ್ಕೆ ಬಂದು ಡೆಟ್ರಾಯ್ಟ್ ಉಪನಗರಗಳಲ್ಲಿ ನೆಲೆ ನಿಂತ, ಪಂಪ ಕನ್ನಡ ಕೂಟ ಕಟ್ಟಿ ಬೆಳೆಸಿದ ತಲೆಮಾರು ಈಗ ಎಪ್ಪತ್ತು, ಎಂಬತ್ತು ದಾಟಿದೆ. ಆ ಮನೆಗಳ ಆಲ್ಬಮ್‌ಗಳಲ್ಲಿ ಈ ಮಾಲ್‌ಗಳ ಅಂಗಳದಲ್ಲಿ ತೆಗೆಸಿಕೊಂಡ ಫೋಟೋ ಇದ್ದರೆ ಹಿಂದೆ ಇಸವಿ, ಜಾಗ ಬರೆದಿಡಿ. ಮೊದಲ ಚಳಿಗಾಲದ ಕೋಟು ಎಲ್ಲಿ ಕೊಂಡಿರಿ, ಎಷ್ಟು ಕೊಟ್ಟಿರಿ, ಅಂಗಡಿಯವರು ಹೇಗೆ ನಡೆಸಿಕೊಂಡರು ಎಂಬುದನ್ನು ಫೋನಿನಲ್ಲಾದರೂ ರೆಕಾರ್ಡ್ ಮಾಡಿಸಿ, ಒಂದು ಪ್ರತಿಯನ್ನು ನಿಮ್ಮ ಊರಿನ ಗ್ರಂಥಾಲಯದ ಸ್ಥಳೀಯ ಚರಿತ್ರೆ ವಿಭಾಗಕ್ಕೆ ಕೊಡಿ.